ಯಂತ್ರ ಕೊಡುವುದು ಸದ್ದು, ಮಾತು ಕೊಡಬೇಕಾದವರು ನೀವು



ನಮ್ಮ ಸಂಘಗಳ ವಾರ್ಷಿಕೋತ್ಸವದ ಹಾಸ್ಯ ನಾಟಕಗಳಲ್ಲಿ ಕಿವುಡ ಅಜ್ಜನ ಪಾತ್ರವೊಂದು ಆಗಾಗ ಬರುತ್ತದೆ. ‘ಅಜ್ಜ, ಮದುವೆ ಯಾವಾಗ?’ ಎಂದರೆ, ‘ಮೊಸರೇ? ಬೇಡಪ್ಪ, ನೆಗಡಿಯಾಗಿದೆ’ ಎನ್ನುತ್ತಾನೆ. ಸಭಾಗೃಹವೆಲ್ಲ ನಗುತ್ತದೆ. ಪ್ರೇಕ್ಷಕರ ನಡುವೆ ಕುಳಿತ ನಿಜವಾದ ಅಜ್ಜಂದಿರೂ ನಗುತ್ತಾರೆ. ಮಾತು ಕೇಳಿಸಿ ಅಲ್ಲ, ಪಕ್ಕದವರು ನಗುವುದನ್ನು ಕಂಡು! ಕಣ್ಣು ಕಾಣದವರನ್ನು ಕೈಹಿಡಿದು ರಸ್ತೆ ದಾಟಿಸುವ ನಾವು, ಕಿವಿ ಕೇಳದವರ ಮುಂದೆ ಒಂದೋ ನಗುತ್ತೇವೆ, ಇಲ್ಲವೇ ಕಿರಿಚುತ್ತೇವೆ.

ಕಿವಿಯ ತೊಂದರೆ ಮನೆಯ ಎರಡು ತುದಿಗಳಲ್ಲಿ ಹೆಚ್ಚು ಕಾಣುತ್ತದೆ: ತೊಟ್ಟಿಲಲ್ಲಿರುವ ಕೂಸಿನಲ್ಲಿ ಮತ್ತು ಮನೆಯ ಹಿರಿಯರಲ್ಲಿ. ನಡುವೆ ಇರುವವರು ನೀವು. ಊರಿನ ಭಾಷೆಯೂ ಮನೆಯ ಕನ್ನಡವೂ ಬಲ್ಲವರು ನೀವೇ. ಆದ್ದರಿಂದ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಸಾಧನದ ಕುರಿತು ನಿಮಗೆ ತಿಳಿದಿರಬೇಕು. ಅದು ಏನು ಮಾಡುತ್ತದೆ, ಅದಕ್ಕಿಂತ ಮುಖ್ಯವಾಗಿ, ಏನು ಮಾಡುವುದಿಲ್ಲ ಎಂಬುದು.

ಕಿವಿಯ ಒಳಗಿನ ಶಂಖ

ಹೊರಗೆ ಕಾಣುವ ಕಿವಿ ಬರಿಯ ಬಾಗಿಲು. ಸದ್ದು ತಮಟೆಗೆ ಬಡಿದು, ಮೂರು ಪುಟ್ಟ ಮೂಳೆಗಳನ್ನು ಅಲುಗಿಸಿ, ಒಳಗಿವಿಯಲ್ಲಿರುವ ಕಾಕ್ಲಿಯ ಎಂಬ ಸುರುಳಿಯನ್ನು ತಲಪುತ್ತದೆ. ಬಸವನಹುಳುವಿನ ಚಿಪ್ಪಿನಂತೆ ಸುಮಾರು ಎರಡೂವರೆ ಸುತ್ತು ಇರುವ ಈ ಸುರುಳಿಯೊಳಗೆ ಸುಮಾರು 15,000 ರೋಮಕೋಶಗಳಿವೆ. ಸದ್ದಿನ ಅಲುಗಾಟವನ್ನು ವಿದ್ಯುತ್ ಸಂಕೇತವನ್ನಾಗಿಸಿ ನರಕ್ಕೆ ಒಪ್ಪಿಸುವ ಕೆಲಸ ಇವುಗಳದು. ವಯಸ್ಸು, ವಿಪರೀತ ಸದ್ದು, ಮೆದುಳುಪೊರೆಯ ಜ್ವರ, ಕೆಲವು ಔಷಧಗಳು, ಆನುವಂಶಿಕ ಕಾರಣಗಳು ಇವುಗಳನ್ನು ಕೊಲ್ಲುತ್ತವೆ. ಮನುಷ್ಯರಲ್ಲಿ ಒಮ್ಮೆ ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ.

ಕೋಶಗಳು ಅಷ್ಟಿಷ್ಟು ಉಳಿದಿದ್ದರೆ ಸದ್ದನ್ನು ದೊಡ್ಡದು ಮಾಡುವ ಹಿಯರಿಂಗ್ ಏಡ್ ಸಾಕು. ಬಹುಪಾಲು ನಾಶವಾಗಿದ್ದರೆ ಎಷ್ಟು ದೊಡ್ಡದು ಮಾಡಿದರೂ ಹಿಡಿಯುವವರಿಲ್ಲ. ಆಗ ಸತ್ತ ಕೋಶಗಳನ್ನು ಬದಿಗಿಟ್ಟು ನರವನ್ನೇ ನೇರವಾಗಿ ವಿದ್ಯುತ್ತಿನಿಂದ ಮಾತನಾಡಿಸುವುದು ಇಂಪ್ಲಾಂಟ್. ಕಿವಿಯ ಹಿಂದೆ ಸಿಕ್ಕಿಸಿದ ಯಂತ್ರ ಮಾತನ್ನು ಹಿಡಿದು ಸಂಕೇತಗಳಾಗಿ ಬಿಡಿಸುತ್ತದೆ. ತಲೆಯ ಮೇಲೆ ಅಯಸ್ಕಾಂತದಿಂದ ಅಂಟಿ ಕೂತ ಬಿಲ್ಲೆ ಅದನ್ನು ಚರ್ಮದಾಚೆಗೆ ರವಾನಿಸುತ್ತದೆ. ಶಸ್ತ್ರಚಿಕಿತ್ಸೆಯಿಂದ ಒಳಗೆ ಕೂರಿಸಿದ ಗ್ರಾಹಕ, ಸುರುಳಿಯೊಳಗೆ ತೂರಿಸಿದ ತಂತಿಯ ಮೂಲಕ ನರವನ್ನು ತಟ್ಟುತ್ತದೆ.

ಚಿಪ್ಪು ಮತ್ತು ಹುಲ್ಲಿನ ಎಸಳು

ಇದರ ಕಥೆಯೂ ಒಂದು ಮನೆಯಿಂದಲೇ ಆರಂಭವಾಗುತ್ತದೆ. 1957ರಲ್ಲಿ ಪ್ಯಾರಿಸ್ಸಿನಲ್ಲಿ ಜೂರ್ನೋ ಮತ್ತು ಎರಿಯೆಸ್ ಎಂಬಿಬ್ಬರು ಕಿವುಡ ರೋಗಿಯೊಬ್ಬರ ಶ್ರವಣನರಕ್ಕೆ ವಿದ್ಯುತ್ ಹಾಯಿಸಿ ಸದ್ದಿನ ಅನುಭವ ಕೊಟ್ಟಿದ್ದರು. 1961ರಲ್ಲಿ ಅಮೆರಿಕದ ವಿಲಿಯಂ ಹೌಸ್ ಇಂಥ ಸಾಧನವನ್ನು ರೋಗಿಗಳ ಕಿವಿಯಲ್ಲಿ ಕೂರಿಸಿದರು. ಆದರೆ ಒಂದೇ ತಂತಿಯಿಂದ ಸದ್ದು ತಿಳಿಯಬಹುದೇ ಹೊರತು ಮಾತು ಬಿಡಿಬಿಡಿಯಾಗಿ ತಿಳಿಯುವುದು ಕಷ್ಟ.

ಆಸ್ಟ್ರೇಲಿಯಾದ ಗ್ರೇಮ್ ಕ್ಲಾರ್ಕ್ ಅವರ ತಂದೆ ಔಷಧದಂಗಡಿ ನಡೆಸುತ್ತಿದ್ದರು, ಕಿವಿ ಮಂದ. ಗಿರಾಕಿಗಳು ತಮ್ಮ ಗುಟ್ಟಿನ ಕಾಯಿಲೆಗಳನ್ನು ಅಂಗಡಿಗೆಲ್ಲ ಕೇಳುವಂತೆ ಕೂಗಿ ಹೇಳಬೇಕಾದಾಗಿನ ಮುಜುಗರವನ್ನು ಹುಡುಗ ನೋಡುತ್ತ ಬೆಳೆದ. ಮುಂದೆ ಕಿವಿಯ ಶಸ್ತ್ರವೈದ್ಯನಾಗಿ, ಹಲವು ವಿದ್ಯುದ್ವಾರಗಳಿರುವ ತಂತಿಯನ್ನು ಸುರುಳಿಯೊಳಗೆ ಗಾಯ ಮಾಡದೆ ತೂರಿಸುವುದು ಹೇಗೆಂದು ತಲೆ ಕೆಡಿಸಿಕೊಂಡ. 1977ರಲ್ಲಿ ಕಡಲತೀರದಲ್ಲಿ ಕುಳಿತು ಚಿಪ್ಪೊಂದರೊಳಗೆ ಹುಲ್ಲಿನ ಎಸಳು ತೂರಿಸಿ ನೋಡಿದಾಗ ಉತ್ತರ ಸಿಕ್ಕಿತು: ತುದಿ ಮೆತ್ತಗೆ, ಬುಡ ಗಟ್ಟಿಯಾಗಿದ್ದರೆ ಅದು ಬಾಗುತ್ತ ಸುರುಳಿಯೊಳಗೆ ಹೋಗುತ್ತದೆ! 1978ರ ಆಗಸ್ಟ್ 1ರಂದು ಮೆಲ್ಬರ್ನ್‌ನಲ್ಲಿ, ಅಪಘಾತದಲ್ಲಿ ಶ್ರವಣಶಕ್ತಿ ಕಳೆದುಕೊಂಡಿದ್ದ ವ್ಯಕ್ತಿಯೊಬ್ಬರಿಗೆ ಕ್ಲಾರ್ಕ್ ಮೊದಲ ಶಸ್ತ್ರಚಿಕಿತ್ಸೆ ಮಾಡಿದರು. ಬಳಿಕ ಪರೀಕ್ಷೆಯ ವೇಳೆ ರಾಷ್ಟ್ರಗೀತೆ ನುಡಿಸಿದಾಗ ಆತ ಗುರುತಿಸಿ, ತಂತಿಗಳ ಸಮೇತ ಎದ್ದು ನಿಂತುಬಿಟ್ಟರಂತೆ. 2013ರಲ್ಲಿ ಕ್ಲಾರ್ಕ್, ಇಂಗೆಬೋರ್ಗ್ ಹೋಖ್ಮೈರ್ ಮತ್ತು ಬ್ಲೇಕ್ ವಿಲ್ಸನ್ ಅವರಿಗೆ ಈ ಕೆಲಸಕ್ಕಾಗಿ ಲಾಸ್ಕರ್ ಪ್ರಶಸ್ತಿ ಬಂತು.

ಸ್ವಿಚ್ ಹಾಕಿದ ಮೇಲೆ

ಶಸ್ತ್ರಚಿಕಿತ್ಸೆ ಆದೊಡನೆ ಕಿವಿ ಕೇಳಿಸುತ್ತದೆಂದು ಜನ ತಿಳಿಯುತ್ತಾರೆ. ಹಾಗಲ್ಲ. ಗಾಯ ಮಾಗಿದ ಮೇಲೆ, ಸಾಮಾನ್ಯವಾಗಿ ಕೆಲವು ವಾರಗಳ ಬಳಿಕ, ಯಂತ್ರಕ್ಕೆ ಚಾಲನೆ ಕೊಡುತ್ತಾರೆ. ಮೊದಲು ಕೇಳಿದ್ದು ಮರೆಯದ ದೊಡ್ಡವರಿಗೆ ಆರಂಭದಲ್ಲಿ ಮಾತು ಚಿಲಿಪಿಲಿಯಂತೆ, ಕಾರ್ಟೂನಿನ ಗೊಂಬೆಯ ದನಿಯಂತೆ ಕೇಳಿಸುವುದುಂಟು. 15,000 ಕೋಶಗಳ ಕೆಲಸವನ್ನು 12ರಿಂದ 22 ವಿದ್ಯುದ್ವಾರಗಳು ಮಾಡುತ್ತಿವೆ, ನೆನಪಿಡಿ. ತಿಂಗಳುಗಟ್ಟಲೆ ಅಭ್ಯಾಸದಿಂದ ಮೆದುಳು ಅದನ್ನು ಮಾತೆಂದು ಗುರುತಿಸಲು ಕಲಿಯುತ್ತದೆ. ಹಾಡಿನ ಸಾಹಿತ್ಯ ತಿಳಿದರೂ ರಾಗದ ಏರಿಳಿತ ಅನೇಕರಿಗೆ ಕೊನೆಯವರೆಗೂ ಪೂರ್ತಿ ದಕ್ಕುವುದಿಲ್ಲ. ಗದ್ದಲದಲ್ಲಿ ಕಷ್ಟ. ಬಿಲ್ಲೆ ತೆಗೆದಿಟ್ಟರೆ, ಸೆಲ್ ಮುಗಿದರೆ, ಮತ್ತೆ ನಿಶ್ಶಬ್ದ.

ಹುಟ್ಟು ಕಿವುಡು ಮಗುವಿಗೆ ಕಾಲವೇ ಬಂಗಾರ. ಮೆದುಳಿನ ಶ್ರವಣಭಾಗ ಮೊದಲ ಮೂರು ಮೂರೂವರೆ ವರ್ಷಗಳಲ್ಲಿ ಬಹಳ ಚುರುಕಾಗಿ ಕಲಿಯುತ್ತದೆ. ಆ ಮೇಲೆ ದಾರಿ ಕಿರಿದಾಗುತ್ತ ಹೋಗುತ್ತದೆ. ಹುಟ್ಟಿದ ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ರೋಗನಿರ್ಣಯ, ಆರು ತಿಂಗಳೊಳಗೆ ಹಿಯರಿಂಗ್ ಏಡ್ ಮತ್ತು ತರಬೇತಿ ಎಂಬುದು ತಜ್ಞರ ಸೂತ್ರ. ಏಡ್‌ನಿಂದ ಸಾಲದೆಂದು ತಿಳಿದ ಮೇಲೆಯೇ ಇಂಪ್ಲಾಂಟ್‌ನ ಮಾತು. ‘ಇವರಪ್ಪನೂ ತಡವಾಗಿಯೇ ಮಾತನಾಡಿದ್ದು’ ಎಂದು ಹಿರಿಯರು ಸಮಾಧಾನ ಹೇಳುವಾಗ, ‘ಆದರೂ ಒಮ್ಮೆ ತೋರಿಸೋಣ’ ಎನ್ನುವ ದನಿ ನಿಮ್ಮದಾಗಿರಲಿ.

ಖರ್ಚು ಲಕ್ಷಗಟ್ಟಲೆ. ಆದರೆ ಕೇಂದ್ರ ಸರಕಾರದ ಅಡಿಪ್ ಯೋಜನೆಯಲ್ಲಿ, ಆದಾಯದ ಮಿತಿಗೆ ಒಳಪಟ್ಟು, ಎಳೆಯ ಮಕ್ಕಳಿಗೆ ನೆರವಿದೆ. 2014ರ ಪರಿಷ್ಕೃತ ಯೋಜನೆ ಮಗುವೊಂದಕ್ಕೆ 6 ಲಕ್ಷ ರೂಪಾಯಿಯವರೆಗೆ ಎಂದಿತ್ತು. ಇದರ ಉಸ್ತುವಾರಿ ಮುಂಬಯಿಯ ಬಾಂದ್ರಾದಲ್ಲಿರುವ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯದು. ಇಂದಿನ ನಿಯಮಗಳನ್ನು ಅಲ್ಲಿಯೇ ವಿಚಾರಿಸಿ. ಸೆಲ್, ತಂತಿ, ರಿಪೇರಿ, ವರ್ಷಗಳ ಬಳಿಕ ಹೊರಗಿನ ಯಂತ್ರದ ಬದಲಾವಣೆ, ಈ ಮುಂದಿನ ಖರ್ಚನ್ನೂ ಮೊದಲೇ ಲೆಕ್ಕ ಹಾಕಿಕೊಳ್ಳಬೇಕು.

ಎಲ್ಲರಿಗೂ ಇದು ಹೊಂದುವುದಿಲ್ಲ, ಎಲ್ಲರಿಗೂ ಬೇಕೆಂದೂ ಇಲ್ಲ. ಸಂಜ್ಞೆಯ ಭಾಷೆಯಲ್ಲೇ ಓದಿ, ದುಡಿದು, ಸಂಸಾರ ನಡೆಸುವ ಬಹಳ ಮಂದಿ ಇದ್ದಾರೆ. ಭಾರತೀಯ ಸಂಜ್ಞಾ ಭಾಷೆಗೆ 2015ರಲ್ಲಿ ದಿಲ್ಲಿಯಲ್ಲಿ ರಾಷ್ಟ್ರೀಯ ಕೇಂದ್ರವೇ ಸ್ಥಾಪನೆಯಾಯಿತು. ಇಂಪ್ಲಾಂಟ್ ಇರುವ ಮಗುವೂ ಅದನ್ನು ಕಲಿಯಬಹುದು.

ಯಾವ ಭಾಷೆಯಲ್ಲಿ?

ಹೊರನಾಡಿನ ಕನ್ನಡ ಮನೆಗೆ ಇಲ್ಲಿ ಇನ್ನೊಂದು ಪ್ರಶ್ನೆ ಎದುರಾಗುತ್ತದೆ. ಇಂಥ ಮಗುವಿಗೆ ಒಂದೇ ಭಾಷೆ ಸಾಕು, ಶಾಲೆಯ ಭಾಷೆಯನ್ನೇ ಮನೆಯಲ್ಲೂ ಆಡಿ ಎಂಬ ಸಲಹೆ ಅನೇಕ ಹೆತ್ತವರ ಕಿವಿಗೆ ಬೀಳುತ್ತದೆ. ಅಮ್ಮ ತನಗೆ ಸರಾಗವಲ್ಲದ ಭಾಷೆಯಲ್ಲಿ ತಡವರಿಸುತ್ತ ನಾಲ್ಕೇ ಮಾತಾಡುತ್ತಾಳೆ, ಅಜ್ಜಿ ಸುಮ್ಮನಾಗುತ್ತಾಳೆ. ಲಕ್ಷಗಟ್ಟಲೆ ಸುರಿದು ತಂದ ಯಂತ್ರಕ್ಕೆ ಕೇಳಿಸಲು ಮಾತೇ ಕಡಿಮೆಯಾಗುತ್ತದೆ! ಮನೆಯವರು ತಮಗೆ ಚೆನ್ನಾಗಿ ಬರುವ ಭಾಷೆಯಲ್ಲಿ ಧಾರಾಳವಾಗಿ ಮಾತಾಡಬೇಕು, ಇಂಪ್ಲಾಂಟ್ ಇರುವ ಮಕ್ಕಳೂ ಎರಡು ಭಾಷೆ ಕಲಿಯಬಲ್ಲರು ಎಂದು ಅಧ್ಯಯನಗಳು ತೋರಿಸಿವೆ. ಅಕ್ಕಿ ಆರಿಸುತ್ತ, ಜಡೆ ಹೆಣೆಯುತ್ತ, ದೋಸೆ ಮಗುಚುತ್ತ ಆಡುವ ಮಾತೇ ಮಗುವಿಗೆ ಪಾಠ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ತಾಯಂದಿರಿಗೂ ತರಬೇತಿ ಕೊಡುವುದು ಇದಕ್ಕೇ.

ಹಿರಿಯರ ಪರೀಕ್ಷೆಯಲ್ಲೂ ಭಾಷೆಯ ತೊಡಕಿದೆ. ಮಾತು ಎಷ್ಟು ತಿಳಿಯುತ್ತದೆಂದು ನೋಡಲು ಪದಗಳನ್ನು ಕೇಳಿಸಿ ಹಿಂತಿರುಗಿ ಹೇಳಿಸುತ್ತಾರೆ. ಕನ್ನಡ ಮಾತ್ರ ಬಲ್ಲ ಅಜ್ಜಿಗೆ ಮರಾಠಿ ಅಥವಾ ಹಿಂದಿ ಪದ ಕೇಳಿಸಿದರೆ, ತಪ್ಪಿದ್ದು ಕಿವಿಯೋ ಭಾಷೆಯೋ ಗೊತ್ತಾಗುವುದಾದರೂ ಹೇಗೆ? ಕನ್ನಡದ ಪದಪಟ್ಟಿಗಳನ್ನು ಮೈಸೂರಿನ ಸಂಸ್ಥೆಯಲ್ಲಿ ಸಿದ್ಧಪಡಿಸಿದ್ದಾರೆ. ಜೊತೆಗೆ ಹೋದಾಗ ಅದನ್ನು ಕೇಳಿ.

ನಿಮ್ಮ ಪಾಲು

ಪರ, ಬರ, ಮರ. ಕನ್ನಡಿಯ ಮುಂದೆ ದನಿ ಹೊರಡಿಸದೆ ಹೇಳಿ ನೋಡಿ. ಮೂರಕ್ಕೂ ತುಟಿ ಒಂದೇ ರೀತಿ. ಹಾಲು, ಹಾಳು ಅಷ್ಟೇ. ನಾಟಕದ ಅಜ್ಜನಿಗೆ ‘ಮದುವೆ’ ಎಂಬುದು ‘ಮೊಸರು’ ಆದದ್ದು ಮಂದಬುದ್ಧಿಯಿಂದಲ್ಲ. ಸಿಕ್ಕ ಚೂರುಗಳಿಂದ ಇಡೀ ಮಾತು ಕಟ್ಟುವ ದಣಿವಿನ ಕೆಲಸ ಅವರದು.

ಆದ್ದರಿಂದ ಮೊದಲು ಕರೆದು, ಅವರು ತಿರುಗಿದ ಮೇಲೆ ಮಾತು ಆರಂಭಿಸಿ. ಬೆಳಕು ನಿಮ್ಮ ಮುಖದ ಮೇಲಿರಲಿ. ಟಿ.ವಿ. ಆರಿಸಿ. ಕಿರಿಚಬೇಡಿ, ಕಿರಿಚಿದರೆ ತುಟಿಯ ಆಕಾರ ಕೆಡುತ್ತದೆ. ಒಂದು ಮಾತು ತಿಳಿಯದಿದ್ದರೆ ಅದನ್ನೇ ಹತ್ತು ಸಲ ಹೇಳುವ ಬದಲು ಬೇರೆ ಪದಗಳಲ್ಲಿ ಹೇಳಿ. ಎಲ್ಲರೂ ನಕ್ಕಾಗ ಅಜ್ಜ ‘ಏನಂತೆ?’ ಎಂದು ಕೇಳಿದರೆ, ‘ಏನಿಲ್ಲ ಬಿಡಿ ಅಜ್ಜ’ ಎಂದು ಮಾತ್ರ ಹೇಳಬೇಡಿ. ಕಿವುಡುತನದ ನಿಜವಾದ ನೋವು ಆ ಮೂರು ಪದಗಳಲ್ಲಿದೆ.

ಮೊಬೈಲಿನಲ್ಲಿ ಆಡಿದ ಮಾತನ್ನು ಕನ್ನಡ ಅಕ್ಷರಗಳಲ್ಲಿ ಮೂಡಿಸುವ ಸೌಲಭ್ಯ ಈಗ ಇದೆ. ಅದು ತಪ್ಪು ಮಾಡಿದಾಗ ತಿದ್ದಲು, ಅಥವಾ ಒಂದು ಚೀಟಿಯಲ್ಲಿ ‘ಮದುವೆ’ ಎಂದು ಬರೆದು ತೋರಿಸಲು, ನಿಮಗೆ ಅಕ್ಷರ ಬರಬೇಕಲ್ಲವೇ? ಕನ್ನಡ ಏಕೆ ಓದಬೇಕು, ಬರೆಯಬೇಕು ಎಂದು ನೀವು ಸಂಘದ ತರಗತಿಗಳಲ್ಲಿ ಕೇಳುವುದುಂಟು. ಭಾಷಾಭಿಮಾನದ ಭಾಷಣ ನಿಮಗೆ ಸಾಕಾಗಿರಬಹುದು. ಕಿವಿ ಮುಚ್ಚಿದ ಮೇಲೂ ಅಜ್ಜನಿಗೆ ಕಣ್ಣಿದೆ, ಆ ಕಣ್ಣು ಕನ್ನಡ ಓದುತ್ತದೆ. ಈ ಕಾರಣವೊಂದು ಸಾಲದೇ?