ಅಕ್ಕಡಿ ಸಾಲು ಮತ್ತು ಮನೆಯ ಊಟ

ಅಲ್ಪವೆಚ್ಚದ ಊಟ ಸತ್ತ್ವಹೀನವೆಂಬ ಭಾವನೆಯನ್ನು ಬೆದ್ದಲು ಸೀಮೆಯ ಬೇಸಾಯಚರಿತ್ರೆ ಅಲ್ಲಗಳೆಯುತ್ತದೆ. ಜಗಳೂರು ತಾಲ್ಲೂಕಿನ ಬಿಳಿಚೋಡು ಇಂಥ ಮಳೆಯಾಶ್ರಿತ ಸೀಮೆಗೆ ಸೇರಿದುದು. ರಾಗಿ, ಜೋಳಗಳ ನಡುವೆ ತೊಗರಿ, ಅವರೆಗಳ ಅಕ್ಕಡಿ ಸಾಲು ಬಿತ್ತುವುದು ಹಿಂದಿನವರ ಪದ್ಧತಿ. ಧಾನ್ಯದಲ್ಲಿ ಕೊರತೆಯಾದ ಲೈಸೀನನ್ನು ಬೇಳೆಯು ತುಂಬುತ್ತದೆ; ಆ ಗಿಡಗಳ ಬೇರುಗಂಟುಗಳು ವಾಯುವಿನ ಸಾರಜನಕವನ್ನು ಹಿಡಿದು ಮಣ್ಣಿಗೂ ಒದಗಿಸುತ್ತವೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮಿಕ್ಕಿದ ಸುಣ್ಣದಂಶವಿದೆ. ಬಿಳಿಯ ಅಕ್ಕಿಯಲ್ಲಿ ಅದು ಅತ್ಯಲ್ಪ. ಕನಕದಾಸರು ‘ರಾಮಧಾನ್ಯಚರಿತೆ’ಯಲ್ಲಿ ಆರು ತಿಂಗಳ ಸೆರೆಯಲ್ಲೂ ಕೆಡದ ರಾಗಿಗೆ ಜಯ ಕೊಡಿಸಿದುದು ಇಲ್ಲಿ ಸ್ಮರಣೀಯ.

ಇಂದು ದಾವಣಗೆರೆ ಜಿಲ್ಲೆಯಲ್ಲಿ ಮೆಕ್ಕೆಜೋಳದ ಬೇಸಾಯ ವಿಶೇಷವಾಗಿ ಹಬ್ಬಿದೆ. ಅದು ಹಣ ತರುವ ಬೆಳೆಯೆಂಬುದು ನಿಜ. ಆದರೆ ಅಕ್ಕಡಿಯನ್ನು ಕೈಬಿಟ್ಟ ಮನೆ ಬೇಳೆಯನ್ನು ಅಂಗಡಿಯಿಂದಲೇ ತರಬೇಕು. ಬೆಲೆಯೇರಿದಾಗ ಸಾರು ತೆಳುವಾಗುತ್ತದೆ. ಅದರ ನಷ್ಟ ಬೆಳೆಯುವ ಮಕ್ಕಳಿಗೆ. ಆದುದರಿಂದ ರೈತಕುಟುಂಬದ ಮಿತವ್ಯಯವು ಬಿತ್ತನೆಯ ದಿನವೇ ಆರಂಭವಾಗಬೇಕು.