ಮೇಸ್ತ್ರಿಗಿಂತ ಮೊದಲು ಅರ್ಜಿ

ಮಗಳ ಮದುವೆಗೆ ಮುಂಚೆ ಮನೆ ಸರಿ ಮಾಡಿಸುವ ಅಂತ ನಾವೆಲ್ಲ ಮೊದಲು ಕರೆಯುವುದು ಮೇಸ್ತ್ರಿಯನ್ನು. ಆದರೆ ಚಿತ್ತಾಪುರ ತಾಲೂಕಿನ ಸನ್ನತಿಯಂಥ ಕಡೆ ಮೊದಲು ಟೇಪು ಹಿಡಿದು ಅಳೆಯಬೇಕು. 1986ರಲ್ಲಿ ಅಲ್ಲಿನ ಕಾಳಿ ಗುಡಿಯ ಚಾವಣಿ ಕುಸಿದಾಗ ಅಶೋಕನ ಶಾಸನ ಸಿಕ್ಕಿತು. ಪಕ್ಕದ ಕನಗನಹಳ್ಳಿಯಲ್ಲಿ ನೆಲ ಅಗೆದರೆ ಬೌದ್ಧ ಸ್ತೂಪವೇ ಬಂತು.

ಕೇಂದ್ರ ಪುರಾತತ್ವ ಇಲಾಖೆ ರಕ್ಷಿಸಿದ ಜಾಗದ ಗಡಿಯಿಂದ 100 ಮೀಟರ್ ಒಳಗೆ ಹೊಸ ಮನೆ ಕಟ್ಟುವಂತಿಲ್ಲ. 1992ರ ಜೂನ್ 16ಕ್ಕೆ ಮೊದಲೇ ಇದ್ದ ಮನೆಯ ರಿಪೇರಿಗೆ ಅನುಮತಿ ಕೇಳಬಹುದು. ಅದರಾಚೆಯ 200 ಮೀಟರ್‌ನಲ್ಲಿ ಕಟ್ಟಲಿಕ್ಕೂ, ರಿಪೇರಿಗೂ ಅನುಮತಿ ಬೇಕು. ಪಂಚಾಯತ್ ಲೈಸೆನ್ಸ್ ಒಂದೇ ಸಾಲದು.

ಕಾನೂನಿನ ಪ್ರಕಾರ ಅಧಿಕಾರಿ ಅರ್ಜಿಯನ್ನು 15 ದಿನದೊಳಗೆ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಬೇಕು. ಅಲ್ಲಿ 2 ತಿಂಗಳು, ವಾಪಸ್ ಬಂದ ಮೇಲೆ ತೀರ್ಮಾನಕ್ಕೆ 1 ತಿಂಗಳು. ಎಲ್ಲ ಸರಿಯಾಗಿ ನಡೆದರೂ ಮೂರೂವರೆ ತಿಂಗಳು ಹಿಡಿಯಬಹುದು! ಮದುವೆ ದಿನ ಹತ್ತಿರ ಬಂತೆಂದು ಅನುಮತಿಯಿಲ್ಲದೆ ಕಟ್ಟಿದರೆ 2 ವರ್ಷದವರೆಗೆ ಜೈಲು, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ನಮ್ಮ ಕರಾವಳಿಗೂ ಇದೇ ಕಾನೂನು. ಹಾಗಾಗಿ ಅಜ್ಜನ ಕಾಲದ ತೆರಿಗೆ ರಶೀದಿ ರದ್ದಿಗೆ ಹಾಕಬೇಡಿ. ಮನೆ ಹಳೆಯದು ಅಂತ ನಾವು ಬಾಯಲ್ಲಿ ಹೇಳಿದರೆ ಸಾಲದು, ಕಾಗದ ಹೇಳಬೇಕು.