ಹೋಗುವುದು ಕ್ಷೇಮವೆ?

ನನ್ನ ತಂಗಿಯ ಮಗಳು ಡಬ್ಲಿನ್ ನಗರದ ಆಸ್ಪತ್ರೆಯೊಂದರಲ್ಲಿ ದಾದಿಯಾಗಿದ್ದಾಳೆ. ಐರ್ಲೆಂಡನ್ನು ಒಮ್ಮೆ ನೋಡಬೇಕೆಂಬುದು ಕನ್ನಡ ಮೇಷ್ಟರಾಗಿದ್ದ ನನ್ನ ಬಹುಕಾಲದ ಹಂಬಲ. ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ತರುಣ ಕುವೆಂಪು ಅವರಿಗೆ ತಾಯ್ನುಡಿಯಲ್ಲಿ ಬರೆಯಿರೆಂದು 1924ರಲ್ಲಿ ಮೈಸೂರಿನಲ್ಲಿ ಹೇಳಿದವರು ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅಲ್ಲವೆ? ಆ ಋಣವನ್ನು ಬಲ್ಲವನಿಗೆ ಆ ನಾಡು ತೀರ ಪರದೇಶವಲ್ಲ. 2025ರ ಅಕ್ಟೋಬರಿನಲ್ಲಿ ಹೊರಡುವುದೆಂದು ನಿಶ್ಚಯಿಸಿ ವಿಮಾನದ ಟಿಕೆಟ್ಟನ್ನೂ ಕೊಂಡುದಾಯಿತು.

ಅಷ್ಟರಲ್ಲಿ ಕೆಟ್ಟ ವರ್ತಮಾನಗಳು ಬರತೊಡಗಿದವು. ಜುಲೈ 19ರಂದು ಡಬ್ಲಿನ್ನಿನ ಟ್ಯಾಲಾ ಎಂಬಲ್ಲಿ ಭಾರತೀಯರೊಬ್ಬರನ್ನು ಗುಂಪೊಂದು ಥಳಿಸಿತು. ಆಗಸ್ಟ್ 1ರಂದು ನಮ್ಮ ರಾಯಭಾರ ಕಚೇರಿ, ನಿರ್ಜನ ಸ್ಥಳಗಳಲ್ಲಿ, ಅದರಲ್ಲಿಯೂ ಅವೇಳೆಯಲ್ಲಿ, ತಿರುಗಾಡಬೇಡಿರೆಂದು ಎಚ್ಚರಿಸಿತು. ವಾಟರ್‌ಫರ್ಡಿನಲ್ಲಿ ಮನೆಯ ಹೊರಗೆ ಆಡುತ್ತಿದ್ದ ಭಾರತೀಯ ಮೂಲದ 6 ವರ್ಷದ ಬಾಲೆಯ ಮೇಲೂ ಕೈಮಾಡಿದರು. ಆ ತಿಂಗಳು ನಡೆಯಬೇಕಾಗಿದ್ದ ಭಾರತ ದಿನದ ಉತ್ಸವವನ್ನು ಮುಂದಕ್ಕೆ ಹಾಕಿದರು.

"ಈ ವಯಸ್ಸಿನಲ್ಲಿ ಇದು ಬೇಕೆ?" ಎಂದಳು ನನ್ನಾಕೆ. ನಾನು ತಕ್ಕಡಿಯ ಇನ್ನೊಂದು ತಟ್ಟೆಯನ್ನು ತೋರಿಸಿದೆ. ಟ್ಯಾಲಾದ ನಿವಾಸಿಗಳೇ ಪೆಟ್ಟು ತಿಂದವರ ಪರವಾಗಿ ಬೀದಿಗಿಳಿದಿದ್ದರು. ಆಗ ಅಧ್ಯಕ್ಷರಾಗಿದ್ದ ಮೈಕೆಲ್ ಡಿ. ಹಿಗ್ಗಿನ್ಸ್, ಸ್ವತಃ ಕವಿಗಳು, ಈ ಹಲ್ಲೆಗಳನ್ನು ಖಂಡಿಸಿ, ವೈದ್ಯರಾಗಿ ದಾದಿಯರಾಗಿ ದುಡಿಯುವ ಭಾರತೀಯರ ಉಪಕಾರವನ್ನು ನೆನೆದಿದ್ದರು. ಭಯವೂ ಸುಳ್ಳಲ್ಲ, ಈ ಸೌಜನ್ಯವೂ ಸುಳ್ಳಲ್ಲ. ಆದರೆ ಕೂಡಿ ಕಳೆದರೆ ಉತ್ತರ ಬರುವ ಲೆಕ್ಕ ಇದಲ್ಲ.

ಕಡೆಗೆ ಸೊಸೆಯನ್ನೇ ದೂರವಾಣಿಯಲ್ಲಿ ಕೇಳಿದೆ: "ನಾನು ಬರುವುದು ಕ್ಷೇಮವೇನಮ್ಮ?"

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಮಾವ, ನೀವು ಇಲ್ಲಿರುವುದು ಹದಿನೈದು ದಿನ. ನಾನು ಇರುವುದು ಕ್ಷೇಮವೇ ಎಂದು ನೀವು ಕೇಳಲೇ ಇಲ್ಲವಲ್ಲ" ಎಂದಳು.

ಆ ಮಾತು ನನ್ನನ್ನು 2012ರ ಆಗಸ್ಟಿಗೆ ಒಯ್ದಿತು. ಬೆಂಗಳೂರಿನಲ್ಲಿ ವದಂತಿ ಹಬ್ಬಿ, ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಗುವಾಹಾಟಿಯ ರೈಲು ಹತ್ತಿದ ದಿನಗಳವು. ನಮ್ಮ ಕಾಲೇಜಿನಲ್ಲಿಯೂ ಕೆಲವು ಬೆಂಚುಗಳು ಬರಿದಾದುವು. "ನಮ್ಮ ಊರಿನಲ್ಲಿ ಇವರಿಗೇನು ಭಯ?" ಎಂದು ನಾನು ಅಧ್ಯಾಪಕರ ಕೊಠಡಿಯಲ್ಲಿ ವಾದಿಸಿದ್ದೆ. ಊರು ಕ್ಷೇಮವೋ ಅಲ್ಲವೋ ಎಂಬುದನ್ನು ಹೇಳಬೇಕಾದವರು ಅಲ್ಲಿ ಬೇರೆಯಾಗಿ ಕಾಣುವ ಮುಖದವರು. ಇದು ಅಂದು ನನಗೆ ಹೊಳೆಯಲಿಲ್ಲ. ಹೋದ ಹುಡುಗರಲ್ಲಿ ಒಬ್ಬನನ್ನಾದರೂ ನಾನು ಕೇಳಿರಲಿಲ್ಲ.

ನಾನು ಹೊರಟೆ. ಕಸಿನ್ಸರ ನಾಡನ್ನು ಕಂಡೆ. ಅದನ್ನು ಇನ್ನೊಮ್ಮೆ ಬರೆದೇನು. ಅವಳ ಪಾಳಿ ರಾತ್ರಿ ಎಂಟಕ್ಕೆ ಮುಗಿಯುತ್ತಿತ್ತು. ನಿತ್ಯವೂ ಬಸ್ಸು ನಿಲ್ಲುವಲ್ಲಿ ದೀಪದ ಕೆಳಗೆ ಕಾದಿದ್ದು, ಅವಳೊಡನೆ ಮನೆಗೆ ನಡೆದು ಬರುತ್ತಿದ್ದೆ. ನಮ್ಮನ್ನು ಯಾರೂ ಏನೂ ಅನ್ನಲಿಲ್ಲ. ಅದರಿಂದ ಏನೂ ಸಿದ್ಧವಾದಂತಾಗಲಿಲ್ಲ. ಹದಿನೈದು ರಾತ್ರಿ ಅವಳು ಒಬ್ಬಳೇ ನಡೆಯಲಿಲ್ಲ, ಅಷ್ಟೆ.

ಅಲ್ಲಿ ಎಂಟಾಗುವಾಗ ಇಲ್ಲಿ ನಡುರಾತ್ರಿ ಕಳೆದಿರುತ್ತದೆ. ಹಿಂತಿರುಗಿದ ಮೇಲೆ, ಮನೆ ಮುಟ್ಟಿದೆನೆಂದು ಅವಳು ತಿಳಿಸುವ ತನಕ ನನಗೆ ನಿದ್ದೆ ಹತ್ತುವುದಿಲ್ಲ.